ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಬದಲಿಸಿದ ಮೇಲೆ ಕಾರು ನಡುಗುತ್ತಿದೆಯಾ? ಮತ್ತೆ ಇಳಿಸುವ ಮೊದಲು ಹೀಗೆ ಹುಡುಕಿ

ಗೇರ್‌ಬಾಕ್ಸ್ ಬದಲಿಸಿ ಆಯಿತು. ಗೇರು ಸರಿಯಾಗಿ ಬೀಳುತ್ತಿದೆ, ಕಾರು ಓಡುತ್ತಿದೆ. ಆದರೆ ಮೊದಲು ಇಲ್ಲದ ಒಂದು ನಡುಕ ಈಗ ಸೀಟಿಗೋ ಸ್ಟೇರಿಂಗಿಗೋ ಕಾಲಡಿಯ ನೆಲಕ್ಕೋ ಬಂದು ಸೇರಿದೆ. ಕೂಡಲೇ ಅನ್ನಿಸುವುದು, ಹಾಕಿದ ಗೇರ್‌ಬಾಕ್ಸೇ ಕೆಟ್ಟದ್ದು ಅಂತ. ದಯವಿಟ್ಟು ಅಲ್ಲಿಂದ ಶುರು ಮಾಡಬೇಡಿ.

ಒಂದು ಗೇರ್‌ಬಾಕ್ಸ್ ಇಳಿಸಬೇಕಾದರೆ ಎಷ್ಟೊಂದು ಬಿಚ್ಚಬೇಕು ನೋಡಿ. ಬ್ಯಾಟರಿ, ಚಕ್ರ, ಆಕ್ಸೆಲ್ ಇಲ್ಲವೇ ಪ್ರೊಪೆಲ್ಲರ್ ಶಾಫ್ಟ್ (ಹಿಂಚಕ್ರಕ್ಕೆ ಬಲ ಒಯ್ಯುವ ಉದ್ದ ಶಾಫ್ಟ್), ಮೌಂಟಿಂಗು (ಎಂಜಿನ್, ಗೇರ್‌ಬಾಕ್ಸನ್ನು ಹೊರುವ ರಬ್ಬರಿನ ಆಸರೆ), ಕ್ರಾಸ್ ಮೆಂಬರ್ (ಕೆಳಗಿನಿಂದ ಆಧಾರ ಕೊಡುವ ಅಡ್ಡಪಟ್ಟಿ), ಸೈಲೆನ್ಸರ್ ಪೈಪು, ಸ್ಟಾರ್ಟರ್ ಮೋಟರ್, ಕನ್ವರ್ಟರ್ (ಎಂಜಿನ್ನಿನ ಬಲವನ್ನು ಆಯಿಲ್ ಮೂಲಕ ಗೇರ್‌ಬಾಕ್ಸಿಗೆ ದಾಟಿಸುವ ಟಾರ್ಕ್ ಕನ್ವರ್ಟರ್) ಬೋಲ್ಟು. ಹೊಸ ನಡುಕ ಹೆಚ್ಚಾಗಿ ಹುಟ್ಟುವುದು ಹೀಗೆ ಬಿಚ್ಚಿ ಕಟ್ಟಿದ ಜಾಗಗಳಲ್ಲೇ. ನನ್ನ ಕಾರಿನಲ್ಲಿ ನಡುಕ ಹುಡುಕಲು ಗೇರ್‌ಬಾಕ್ಸನ್ನು ಎರಡನೇ ಸಲ ಇಳಿಸಿದ್ದಾಯಿತು. ಕೊನೆಗೆ ಸಿಕ್ಕಿದ್ದು ಕ್ರಾಸ್ ಮೆಂಬರಿಗೆ ತಾಗಿಕೊಂಡಿದ್ದ ಸೈಲೆನ್ಸರ್ ಪೈಪು. ಕೆಳಗೆ ಬಗ್ಗಿ ಟಾರ್ಚ್ ಬಿಟ್ಟಿದ್ದರೆ ಹತ್ತು ನಿಮಿಷದಲ್ಲಿ ಕಾಣುತ್ತಿತ್ತು. ಆ ಎರಡು ದಿನದ ಕೆಲಸ ಬೇರೆಯವರಿಗೆ ಬೇಡ ಅಂತಲೇ ಇದನ್ನು ಬರೆಯುತ್ತಿದ್ದೇನೆ.

ಶುರು ಮಾಡುವ ಮೊದಲು ಒಂದು ಪ್ರಶ್ನೆ. ಈ ನಡುಕ ಹಳೆಯ ಗೇರ್‌ಬಾಕ್ಸ್ ಇದ್ದಾಗಲೂ ಸ್ವಲ್ಪ ಇತ್ತಾ? ಪ್ರಾಮಾಣಿಕವಾಗಿ ನೆನಪು ಮಾಡಿಕೊಳ್ಳಿ, ಮನೆಯವರನ್ನೂ ಕೇಳಿ. ಇತ್ತು ಅಂತಾದರೆ ಹುಡುಕುವ ದಾರಿಯೇ ಬೇರೆ.

ನಡುಕ ಯಾವುದರ ಜೊತೆ ಏರುತ್ತದೆ?

ಇದೊಂದು ಗೊತ್ತಾದರೆ ಅರ್ಧ ಕೆಲಸ ಮುಗಿದಂತೆ. ಇದಕ್ಕೆ ಪಾನಾ ಹಿಡಿಯಬೇಕಾಗಿಲ್ಲ.

ಮೊದಲು ಕಾರನ್ನು ಬಯಲು ಜಾಗದಲ್ಲಿ ನಿಲ್ಲಿಸಿ. ಮುಚ್ಚಿದ ಶೆಡ್ಡಿನೊಳಗೆ ಬೇಡ, ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯೇ ಇಲ್ಲ, ಉಸಿರಿಗೆ ಸೇರುವುದು ತಿಳಿಯುವುದೇ ಇಲ್ಲ. ಹ್ಯಾಂಡ್ ಬ್ರೇಕ್ ಎಳೆದು, ಗೇರನ್ನು ಪಿ ಯಲ್ಲಿಟ್ಟು, ಎಂಜಿನ್ ಬಿಸಿಯಾದ ಮೇಲೆ ಆಕ್ಸಿಲರೇಟರನ್ನು ನಿಧಾನಕ್ಕೆ ಒತ್ತುತ್ತಾ 3000 ಆರ್‌ಪಿಎಂ ತನಕ ಹೋಗಿ. ಕೆಲವು ಕಾರು ನಿಂತಲ್ಲಿ ಅಷ್ಟು ಏರಲು ಬಿಡುವುದಿಲ್ಲ. ಬಿಟ್ಟಷ್ಟೇ ಸಾಕು. ಆಗಲೇ ನಡುಕ ಬಂದರೆ ದೋಷ ಎಂಜಿನ್ ಜೊತೆ ತಿರುಗುವ ಭಾಗದಲ್ಲಿದೆ, ಇಲ್ಲವೇ ಆ ಅದುರನ್ನು ಬಾಡಿಗೆ ದಾಟಿಸುತ್ತಿರುವ ಮೌಂಟಿಂಗಿನಲ್ಲಿದೆ. ಚಕ್ರಕ್ಕೂ ಶಾಫ್ಟಿಗೂ ಸಂಬಂಧವಿಲ್ಲ, ಅವು ತಿರುಗುತ್ತಲೇ ಇಲ್ಲ ಅಲ್ವಾ?

ನಿಂತಾಗ ಏನೂ ಇಲ್ಲ, ಓಡುವಾಗ ಮಾತ್ರ ಅಂತಾದರೆ ಖಾಲಿ ರಸ್ತೆಗೆ ಹೋಗಿ. ಜೊತೆಗೊಬ್ಬರಿದ್ದರೆ ಅವರು ಬರೆದುಕೊಳ್ಳಲಿ. ನಡುಕ ಜೋರಾಗುವ ವೇಗ ಹಿಡಿದು, ಅದೇ ವೇಗದಲ್ಲಿ ಒಂದು ಗೇರು ಕೆಳಗಿಳಿಸಿ. ಈಗ ಎಂಜಿನ್ ಜಾಸ್ತಿ ತಿರುಗುತ್ತದೆ, ಚಕ್ರ ಮೊದಲಿನಷ್ಟೇ. ನಡುಕ ಬದಲಾಗದೆ ಉಳಿದರೆ ದೋಷ ಚಕ್ರ ಅಥವಾ ಶಾಫ್ಟ್ ಕಡೆ. ನಡುಕದ ರೀತಿಯೇ ಬದಲಾದರೆ ಎಂಜಿನ್ ಅಥವಾ ಕನ್ವರ್ಟರ್ ಕಡೆ. ಆಮೇಲೆ ಆಕ್ಸಿಲರೇಟರಿನಿಂದ ಕಾಲು ತೆಗೆದು ನೋಡಿ. ಕಾಲು ತೆಗೆದ ಕೂಡಲೇ ನಿಂತರೆ ಅದು ಭಾರ ಬಿದ್ದಾಗ ಬರುವ ನಡುಕ. ಓಡುವ ಕಾರಿನ ಎಂಜಿನ್ ಆಫ್ ಮಾಡಿ ಪರೀಕ್ಷೆ ಮಾಡಬೇಡಿ. ಸ್ಟೇರಿಂಗ್ ಗಟ್ಟಿಯಾಗುತ್ತದೆ, ಬ್ರೇಕಿನ ನೆರವು ಹೋಗುತ್ತದೆ, ಗೇರ್‌ಬಾಕ್ಸಿನೊಳಗೆ ಆಯಿಲ್ ತಳ್ಳುವ ಪಂಪೂ ನಿಲ್ಲುತ್ತದೆ.

ಫೋನಿನಲ್ಲಿ ಅದುರು ಅಳೆಯುವ ಆಪ್ ಹಾಕಿಕೊಂಡು, ಫೋನನ್ನು ಸೀಟಿನ ಕಂಬಿಗೆ ಬಿಗಿಯಾಗಿ ಕಟ್ಟಿದರೆ ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ. ಲೆಕ್ಕ ಸುಲಭ. ಟೈರಿನ ಸುತ್ತಳತೆ ಸುಮಾರು 2 ಮೀಟರ್ ಇದ್ದರೆ, ಗಂಟೆಗೆ 100 ಕಿ.ಮೀ. ವೇಗದಲ್ಲಿ ಚಕ್ರ ಸೆಕೆಂಡಿಗೆ ಹೆಚ್ಚುಕಡಿಮೆ 14 ಸುತ್ತು ತಿರುಗುತ್ತದೆ. ಹಿಂಚಕ್ರದ ಕಾರಿನಲ್ಲಿ ಡಿಫರೆನ್ಶಿಯಲ್ ಅನುಪಾತ 4 ಆಗಿದ್ದರೆ ಪ್ರೊಪೆಲ್ಲರ್ ಶಾಫ್ಟ್ ಅದರ ನಾಲ್ಕರಷ್ಟು, ಅಂದರೆ 56 ಸುತ್ತು. ಎಂಜಿನ್ 2400 ಆರ್‌ಪಿಎಂನಲ್ಲಿದ್ದರೆ 60ರಿಂದ ಭಾಗಿಸಿ, 40. ಆಪ್ ತೋರಿಸುವ ಹರ್ಟ್ಸ್ ಸಂಖ್ಯೆ ಇವುಗಳಲ್ಲಿ ಯಾವುದರ ಹತ್ತಿರ ಇದೆಯೋ ಆ ಭಾಗವನ್ನೇ ಮೊದಲು ನೋಡಿ. ಶಾಫ್ಟಿನ ಸಂಖ್ಯೆಯ ಎರಡರಷ್ಟು ಬಂದರೆ ಶಾಫ್ಟಿನ ತುದಿಯಲ್ಲಿರುವ ಯು-ಜಾಯಿಂಟಿನ ಕೋನದ ಮೇಲೆ ಸಂಶಯ ಪಡಿ. ಮುಂಚಕ್ರದ ಕಾರಿನಲ್ಲಿ ಚಕ್ರದ ಸಂಖ್ಯೆಯ ಮೂರರಷ್ಟು ಬಂದರೆ ಆಕ್ಸೆಲ್ಲಿನಲ್ಲಿ ಗೇರ್‌ಬಾಕ್ಸ್ ಕಡೆಗಿರುವ, ಅಂದರೆ ಒಳಗಿನ, ಟ್ರೈಪಾಡ್ ಜಾಯಿಂಟ್. ಅದರಲ್ಲಿ ಮೂರು ರೋಲರ್ ಇರುವುದರಿಂದ ಹೀಗೆ.

ಹೀಗಾದರೆ ಓಡಿಸಬೇಡಿ

ಮುಂದಿನ ಪರೀಕ್ಷೆಗಳಿಗೆ ಹೋಗುವ ಮೊದಲೇ ಇದನ್ನು ಹೇಳಬೇಕು. ಎಂಜಿನ್ನೂ ಗೇರ್‌ಬಾಕ್ಸೂ ಸೇರುವ ಜಾಗದಿಂದ ಕಬ್ಬಿಣ ಬಡಿದಂಥ ಸದ್ದು ಬರುತ್ತಿದ್ದರೆ, ಅಲ್ಲಿಂದ ಆಯಿಲ್ ತೊಟ್ಟಿಕ್ಕುತ್ತಿದ್ದರೆ, ನಡುಕ ದಿನದಿಂದ ದಿನಕ್ಕೆ ಏರುತ್ತಿದ್ದರೆ, ಗೇರು ಜಾರುತ್ತಿದ್ದರೆ, ಸುಟ್ಟ ವಾಸನೆ ಇದ್ದರೆ ಕಾರನ್ನು ಅಲ್ಲೇ ನಿಲ್ಲಿಸಿ, ಎತ್ತಿಸಿಕೊಂಡು ಹೋಗಿ. ಪ್ರೊಪೆಲ್ಲರ್ ಶಾಫ್ಟ್ ಜೋರಾಗಿ ಬಡಿಯುತ್ತಿದ್ದರೂ ಅಷ್ಟೇ. ಓಡುವಾಗ ಶಾಫ್ಟಿನ ಮುಂದಿನ ತುದಿ ಕಳಚಿ ನೆಲಕ್ಕೆ ಊರಿದರೆ ಆಗುವ ಅಪಾಯ ಬಹಳ ದೊಡ್ಡದು. ಚೆಕ್ ಎಂಜಿನ್ ದೀಪ ಮಿನುಗುತ್ತಿದ್ದರೆ ಅದು ಗಟ್ಟಿ ಮಿಸ್‌ಫೈರ್, ಅಂದರೆ ಎಂಜಿನ್ನಿನೊಳಗೆ ಇಂಧನ ಸರಿಯಾಗಿ ಉರಿಯುತ್ತಿಲ್ಲ. ಹಾಗೇ ಓಡಿಸಿದರೆ ಸೈಲೆನ್ಸರಿನಲ್ಲಿ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಸುಟ್ಟು ಹೋಗುತ್ತದೆ.

ಕೆಳಗೆ ಮಲಗುವಾಗ ಬರೀ ಜಾಕ್ ನಂಬಬೇಡಿ. ಗಟ್ಟಿ ನೆಲ, ಸ್ಟ್ಯಾಂಡು, ಚಕ್ರಕ್ಕೆ ಅಡ್ಡಗಲ್ಲು ಮೂರೂ ಬೇಕು. ಚಕ್ರ ಎತ್ತಿ ಎಂಜಿನ್ ಚಾಲೂ ಮಾಡಿ ಗೇರು ಹಾಕಿ ನೋಡುವ ಪರೀಕ್ಷೆಯನ್ನು ಮನೆಯಲ್ಲಿ ಮಾಡಲೇಬೇಡಿ. ಅಪಾಯ ಒಂದು ಕಡೆ, ಫಲವೂ ತಪ್ಪಾಗಿ ಬರುತ್ತದೆ. ಚಕ್ರ ಜೋತುಬಿದ್ದಾಗ ಜಾಯಿಂಟುಗಳ ಕೋನ ಜಾಸ್ತಿಯಾಗಿ, ಇಲ್ಲದ ನಡುಕವೂ ಕಾಣಿಸುತ್ತದೆ.

ಡಿ ಗೆ ಹಾಕಿ ಬ್ರೇಕ್ ಹಿಡಿದು ನಿಂತಾಗ ನಡುಕ, ಎನ್ ಗೆ ತಂದರೆ ಕಡಿಮೆ

ಇದು ತುಂಬಾ ಜನ ಹೇಳುವ ಲಕ್ಷಣ. ಖರ್ಚಿಲ್ಲದೆ ಸರಿಹೋಗುವ ಸಾಧ್ಯತೆಯೂ ಇದರಲ್ಲೇ ಜಾಸ್ತಿ.

ಡಿ ಯಲ್ಲಿ ನಿಂತಾಗ ಎಂಜಿನ್ ಮೇಲೆ ಸ್ವಲ್ಪ ಭಾರ ಬೀಳುತ್ತದೆ, ಎಂಜಿನ್ ಒಂದು ಕಡೆ ವಾಲುತ್ತದೆ. ಮೌಂಟಿಂಗ್ ಸರಿಯಾಗಿ ಕೂತಿಲ್ಲದಿದ್ದರೆ ಅದರ ರಬ್ಬರು ತಿರುಚಿಕೊಂಡು ಮೊದಲೇ ಬಿಗಿಯಾಗಿರುತ್ತದೆ. ಆಗ ಎಂಜಿನ್ನಿನ ಅದುರೆಲ್ಲ ನೇರವಾಗಿ ಬಾಡಿಗೆ ಬರುತ್ತದೆ. ಎಂಜಿನ್ ಆಫ್ ಮಾಡಿ, ಮೌಂಟಿಂಗ್ ಬೋಲ್ಟುಗಳನ್ನು ಪೂರ್ತಿ ತೆಗೆಯದೆ ಒಂದೆರಡು ಸುತ್ತು ಸಡಿಲಿಸಿ. ಎಂಜಿನ್ನನ್ನು ಕೈಯಿಂದ ಹಿಂದೆ ಮುಂದೆ ಅಲ್ಲಾಡಿಸಿ. ಅದು ತನ್ನ ಜಾಗದಲ್ಲಿ ತಾನೇ ಕೂತ ಮೇಲೆ ಕೈಪಿಡಿ ಹೇಳಿದಷ್ಟು ಟಾರ್ಕ್‌ಗೆ ಬಿಗಿ ಮಾಡಿ. ಇಷ್ಟಕ್ಕೇ ನಡುಕ ನಿಂತ ಕಾರುಗಳನ್ನು ನೋಡಿದ್ದೇನೆ. ದ್ರವ ತುಂಬಿದ ಮೌಂಟಿಂಗ್ ಇದ್ದರೆ ಅದರ ಕೆಳಗೆ ಒದ್ದೆ ಕಲೆ ಇದೆಯಾ ನೋಡಿ. ಗೇರ್‌ಬಾಕ್ಸ್ ಇಳಿಸಿದಾಗ ಎಂಜಿನ್ನಿನ ಭಾರವೆಲ್ಲ ಉಳಿದ ಮೌಂಟಿಂಗಿನ ಮೇಲೆ ಬಿದ್ದು ರಬ್ಬರು ಹರಿದಿರಬಹುದು.

ಆಮೇಲೆ ಸೈಲೆನ್ಸರ್ ಪೈಪು. ಮುಂದಿನಿಂದ ಹಿಂದಿನ ತನಕ, ಎಲ್ಲೂ ಬಾಡಿಗೆ, ಕ್ರಾಸ್ ಮೆಂಬರಿಗೆ, ಶಾಖ ತಡೆಯುವ ತಗಡಿಗೆ ತಾಗಬಾರದು. ತಾಗಿದ ಜಾಗದಲ್ಲಿ ಉಜ್ಜಿದ ಹೊಳಪು ಕಾಣುತ್ತದೆ. ಪೈಪು ತಣ್ಣಗಾದ ಮೇಲೆ ಕೈಯಿಂದ ಅಲ್ಲಾಡಿಸಿ ಸದ್ದು ಕೇಳಿ.

ಇವೆರಡೂ ಸರಿ ಇದ್ದರೆ ಆರ್‌ಪಿಎಂ ನೋಡಿ. ಬ್ಯಾಟರಿ ತೆಗೆದಾಗ ಕೆಲವು ಕಾರುಗಳ ಕಂಪ್ಯೂಟರ್ ಐಡ್ಲಿಂಗ್ ಲೆಕ್ಕವನ್ನು ಮರೆಯುತ್ತದೆ. ಡಿ ಗೆ ಹಾಕಿದಾಗ ಆರ್‌ಪಿಎಂ ತೀರಾ ಕೆಳಗಿಳಿದು ಎಂಜಿನ್ ಒದ್ದಾಡುತ್ತದೆ. ಐಡ್ಲಿಂಗ್ ಮತ್ತೆ ಕಲಿಸುವ ವಿಧಾನ ಪ್ರತಿ ಕಾರಿಗೂ ಬೇರೆ, ಕೈಪಿಡಿಯಲ್ಲಿದ್ದಂತೆ ಮಾಡಿ. ಕೆಲಸ ಮಾಡುವಾಗ ಕಳಚಿದ ವ್ಯಾಕ್ಯೂಮ್ ಪೈಪು, ಗಾಳಿ ಪೈಪು ಮರಳಿ ಹಾಕಿದ್ದಾರಾ ಅಂತಲೂ ನೋಡಿಬಿಡಿ.

ಒಂದು ವೇಗ ಮುಟ್ಟಿದ ಮೇಲೆ ನಡುಕ, ಗೇರು ಯಾವುದಿದ್ದರೂ ಅಷ್ಟೇ

ಚಕ್ರದ ನಟ್ಟು ಮೊದಲು. ಸಡಿಲ ನಟ್ಟು ಅಪಾಯ, ಇದನ್ನು ಇವತ್ತೇ ನೋಡಿ. ಚಕ್ರ ಬಿಚ್ಚಿದಾಗ ಹಬ್ಬಿನ ಮುಖಕ್ಕೆ ತುಕ್ಕು, ಮಣ್ಣು ಅಂಟಿದ್ದರೆ ಚಕ್ರ ಸ್ವಲ್ಪ ಓರೆಯಾಗಿ ಕೂರುತ್ತದೆ. ಬ್ಯಾಲೆನ್ಸ್ ತೂಕದ ಸೀಸ ಬಿದ್ದುಹೋಗಿರಬಹುದು. ಸ್ಟೇರಿಂಗ್ ಮಾತ್ರ ಅದುರಿದರೆ ಮುಂದಿನ ಚಕ್ರ, ಸೀಟು ಅದುರಿದರೆ ಹಿಂದಿನ ಚಕ್ರ ಅಥವಾ ಶಾಫ್ಟ್ ಎನ್ನುವುದು ಒಂದು ಅಂದಾಜು. ಅದನ್ನೇ ಪೂರ್ತಿ ನಂಬಬೇಡಿ. ಮುಂಚಕ್ರದ ಕಾರಿನಲ್ಲಿ ಆಕ್ಸೆಲ್ ತೆಗೆದಿಟ್ಟು ಕಾರನ್ನು ತಳ್ಳಿ ಸರಿಸಿದ್ದರೆ ಹಬ್ ಬೇರಿಂಗ್‌ಗೆ ಪೆಟ್ಟಾಗಿರಬಹುದು. ಆಗ ಗುಂಯ್ ಎನ್ನುವ ಸದ್ದು ವೇಗದ ಜೊತೆ ಏರುತ್ತದೆ.

ಹಿಂಚಕ್ರದ ಕಾರು ಅಥವಾ ಜೀಪಾದರೆ ಪ್ರೊಪೆಲ್ಲರ್ ಶಾಫ್ಟಿಗೆ ಬನ್ನಿ. ಬಿಚ್ಚುವಾಗ ಶಾಫ್ಟಿಗೂ ಫ್ಲಾಂಜಿಗೂ ಗುರುತು ಹಾಕಿದ್ದರಾ? ಇಲ್ಲದಿದ್ದರೆ ಶಾಫ್ಟ್ ಅರ್ಧ ಸುತ್ತು ತಿರುಗಿ ಕೂತಿರುವ ಸಾಧ್ಯತೆ ಇದೆ. ಹಿಂದಿನ ಫ್ಲಾಂಜಿನ ಬೋಲ್ಟು ತೆಗೆದು, 180 ಡಿಗ್ರಿ ತಿರುಗಿಸಿ ಹಾಕಿ, ಓಡಿಸಿ ನೋಡಿ. ಕಡಿಮೆಯಾದರೆ ಹಾಗೇ ಬಿಡಿ. ಎರಡು ತುಂಡಿನ ಶಾಫ್ಟಾದರೆ ನಡುವಿನ ಸ್ಪ್ಲೈನ್ ಒಂದು ಹಲ್ಲು ತಪ್ಪಿ ಕೂತರೂ ನಡುಕ ಬರುತ್ತದೆ. ಸಾಮಾನ್ಯವಾಗಿ ಶಾಫ್ಟಿನ ಎರಡು ತುದಿಯ ಯೋಕ್‌ಗಳು (ಯು-ಜಾಯಿಂಟ್ ಹಿಡಿಯುವ ಕವಲುಗಳು) ಒಂದೇ ಸಾಲಿನಲ್ಲಿರಬೇಕು. ಕೆಲವು ವಾಹನಗಳಲ್ಲಿ ತಯಾರಕರೇ ಬೇರೆ ಕೋನ ಇಟ್ಟಿರುತ್ತಾರೆ, ಕೈಪಿಡಿ ನೋಡಿ. ಯು-ಜಾಯಿಂಟನ್ನು, ಅಂದರೆ ಮೆಕ್ಯಾನಿಕ್‌ಗಳು ಕ್ರಾಸ್ ಎನ್ನುವ ಭಾಗವನ್ನು, ಕೈಯಲ್ಲಿ ಹಿಡಿದು ತಿರುಚಿ. ಆಟ ಇರಬಾರದು, ಎಲ್ಲೂ ಕಚ್ಚಿಕೊಳ್ಳಲೂಬಾರದು. ನಡುವಿನ ಬೇರಿಂಗಿನ ರಬ್ಬರು ಹರಿದಿಲ್ಲ ತಾನೆ? ಶಾಫ್ಟಿನ ಮೈ ನೆಗ್ಗಿದ್ದರೆ ಮನೆಯಲ್ಲಿ ಮಾಡುವುದು ಏನೂ ಇಲ್ಲ, ಬ್ಯಾಲೆನ್ಸ್ ಮಾಡುವವರಲ್ಲಿಗೆ ಕೊಡಿ.

ಹೊರಡುವಾಗ ಗಡಗಡ, ವೇಗ ಹಿಡಿದ ಮೇಲೆ ಸುಮ್ನಾಗುತ್ತದೆ

ಹಿಂಚಕ್ರದ ವಾಹನದಲ್ಲಿ ಇದು ಬಹುಮಟ್ಟಿಗೆ ಕೋನದ ತೊಂದರೆ. ಬೇರೆ ಮಾದರಿಯ ಗೇರ್‌ಬಾಕ್ಸ್ ಹಾಕಿದಾಗ, ಇಲ್ಲವೇ ಹಿಂದಿನ ಮೌಂಟಿಂಗ್ ಬದಲಿಸಿದಾಗ, ಗೇರ್‌ಬಾಕ್ಸಿನ ಬಾಲ ಮೊದಲಿಗಿಂತ ಮೇಲೋ ಕೆಳಗೋ ಆಗುತ್ತದೆ. ಸಮತಟ್ಟು ನೆಲದಲ್ಲಿ, ಕಾರಿನ ಭಾರ ಚಕ್ರದ ಮೇಲೇ ಇರುವಾಗ, ಕೋನ ಅಳೆಯುವ ಉಪಕರಣದಿಂದ ಮೂರು ಕಡೆ ಅಳೆಯಿರಿ. ಗೇರ್‌ಬಾಕ್ಸಿನ ಹಿಂದಿನ ತುದಿ, ಶಾಫ್ಟ್, ಡಿಫರೆನ್ಶಿಯಲ್ಲಿನ ಮೂತಿ. ಒಂದೊಂದು ಜಾಯಿಂಟಿನ ಕೋನ ಸುಮಾರು 3 ಡಿಗ್ರಿ ಮೀರದಿದ್ದರೆ ಒಳ್ಳೆಯದು. ಅದಕ್ಕಿಂತ ಮುಖ್ಯ, ಮುಂದಿನ ಕೋನವೂ ಹಿಂದಿನ ಕೋನವೂ ಒಂದು ಡಿಗ್ರಿಯೊಳಗೆ ಸಮ ಇರಬೇಕು. ಅಳತೆ ತಪ್ಪಿದ್ದರೆ ಕ್ರಾಸ್ ಮೆಂಬರ್ ಮೇಲೆ ತೆಳು ತಗಡು ಕೊಟ್ಟು ಸರಿಮಾಡಬಹುದು.

ಮುಂಚಕ್ರದ ಕಾರಿನಲ್ಲಾದರೆ ಕಾರಿನ ಮೂತಿ ಎಡಬಲ ಓಲಾಡಿದಂತೆ ಆಗುತ್ತದೆ. ಒಳಗಿನ ಜಾಯಿಂಟ್ ಸವೆದಿರಬಹುದು. ಹೊರಗೆ ಎಳೆಯುವಾಗ ಅದರೊಳಗಿನ ರೋಲರ್ ಜಾಗ ತಪ್ಪಿರಬಹುದು. ಆಕ್ಸೆಲ್ ತುದಿಯ ಸರ್ಕ್ಲಿಪ್ ಟಕ್ ಅಂತ ಕೂರದೆ ಅರ್ಧಕ್ಕೇ ನಿಂತಿರಲೂಬಹುದು. ಎರಡೂ ಕಡೆ ಆಕ್ಸೆಲ್ ಮತ್ತು ಗೇರ್‌ಬಾಕ್ಸ್ ನಡುವಿನ ಸಂದು ಸರಿಯಾಗಿದೆಯಾ ಹೋಲಿಸಿ ನೋಡಿ. ಅರ್ಧ ಕೂತ ಆಕ್ಸೆಲ್ ಯಾವಾಗ ಬೇಕಾದರೂ ಹೊರಬರಬಹುದು. ಸಬ್‌ಫ್ರೇಮ್ ಇಳಿಸಿದ್ದರೆ ಅದು ಹಳೆಯ ಗುರುತಿನ ಮೇಲೇ ಕೂತಿದೆಯಾ ಅಂತಲೂ ಗಮನಿಸಿ.

ಮೆಲ್ಲಗೆ ಸಮ ವೇಗದಲ್ಲಿ ಹೋಗುವಾಗ ಒರಟು ಪಟ್ಟಿಗಳ ಮೇಲೆ ಹೋದಂತೆ

ಹೆಚ್ಚಾಗಿ ಗಂಟೆಗೆ 50ರಿಂದ 90 ಕಿ.ಮೀ. ನಡುವೆ, ಆಕ್ಸಿಲರೇಟರ್ ಸ್ವಲ್ಪವೇ ಒತ್ತಿರುವಾಗ, ಒಂದೆರಡು ಸೆಕೆಂಡು ಗರಗರ ಬಂದು ಹೋಗುತ್ತದೆ. ಇದು ಕನ್ವರ್ಟರಿನೊಳಗಿನ ಲಾಕ್‌ಅಪ್ ಕ್ಲಚ್ (ಎಂಜಿನ್ನನ್ನೂ ಗೇರ್‌ಬಾಕ್ಸನ್ನೂ ಜಾರದಂತೆ ನೇರವಾಗಿ ಜೋಡಿಸುವ ಭಾಗ) ಹಿಡಿಯುತ್ತಾ ಬಿಡುತ್ತಾ ಇರುವ ಲಕ್ಷಣ. ಪರೀಕ್ಷೆ ಚಿಕ್ಕದು. ಹಿಂದೆ ಯಾರೂ ಇಲ್ಲದ ರಸ್ತೆಯಲ್ಲಿ, ಗರಗರ ಬರುವಾಗ ಆಕ್ಸಿಲರೇಟರ್ ಹಾಗೇ ಹಿಡಿದು, ಬ್ರೇಕ್ ದೀಪ ಹತ್ತುವಷ್ಟು ಮಾತ್ರ ಪೆಡಲ್ ಮುಟ್ಟಿ. ಬಹಳ ಕಾರುಗಳಲ್ಲಿ ಬ್ರೇಕ್ ಮುಟ್ಟಿದರೆ ಲಾಕ್‌ಅಪ್ ಬಿಟ್ಟುಕೊಳ್ಳುತ್ತದೆ. ಗರಗರ ತಕ್ಷಣ ನಿಂತರೆ ಲಾಕ್‌ಅಪ್ಪೇ. ಬ್ರೇಕ್ ಮುಟ್ಟಿದ ಮೇಲೂ ಬರುತ್ತಿದ್ದರೆ ಮಿಸ್‌ಫೈರ್ ಇರಬಹುದು, ಎರಡೂ ಕೈಗೆ ಒಂದೇ ಥರ ತಿಳಿಯುತ್ತವೆ. ಸ್ಕ್ಯಾನರ್ ಹಾಕಿ. ಪಿ0300 ಸಾಲಿನ ಕೋಡ್ ಮಿಸ್‌ಫೈರ್‌ನದ್ದು, ಪಿ0741 ಲಾಕ್‌ಅಪ್ಪಿನದ್ದು.

ಲಾಕ್‌ಅಪ್ ಅಂತ ಗೊತ್ತಾದರೆ ಮೊದಲು ಆಯಿಲ್. ಆ ಗೇರ್‌ಬಾಕ್ಸಿಗೆ ಹೇಳಿದ ಆಯಿಲೇ ಹಾಕಿದ್ದಾರಾ? "ಎಲ್ಲಕ್ಕೂ ಆಗುತ್ತೆ" ಅಂತ ಹಾಕಿದ ಆಯಿಲ್ ಇಲ್ಲಿ ತೊಂದರೆ ಕೊಡುತ್ತದೆ. ಲಾಕ್‌ಅಪ್ ಕ್ಲಚ್ ನಯವಾಗಿ ಹಿಡಿಯುವುದು ಆಯಿಲಿನಲ್ಲಿ ಬೆರೆಸಿದ ವಸ್ತುಗಳ ಮೇಲೆ ನಿಂತಿದೆ. ಮಟ್ಟವನ್ನೂ ಕೈಪಿಡಿ ಹೇಳಿದ ಉಷ್ಣತೆಯಲ್ಲೇ ನೋಡಬೇಕು. ಹೊಸ ಕನ್ವರ್ಟರ್ ಖಾಲಿ ಇದ್ದರೆ ಲೀಟರುಗಟ್ಟಲೆ ಕುಡಿಯುತ್ತದೆ. ಮೊದಲ ಸಲ ಚಾಲೂ ಮಾಡುವ ಮೊದಲು ನೋಡಿದ ಮಟ್ಟ ಲೆಕ್ಕಕ್ಕಿಲ್ಲ. ಆಯಿಲ್ ಸರಿ ಇದ್ದರೆ ಗೇರ್‌ಬಾಕ್ಸ್ ಕಂಪ್ಯೂಟರಿನಲ್ಲಿ ಹಳೆಯ ಗೇರ್‌ಬಾಕ್ಸಿನ ಕಲಿಕೆ ಅಳಿಸಿ ಹೊಸದಾಗಿ ಕಲಿಸಿ. ಕೆಲವು ಗೇರ್‌ಬಾಕ್ಸುಗಳ ಮೇಲೆ ಕ್ಯಾಲಿಬ್ರೇಶನ್ ಸಂಖ್ಯೆ ಇರುತ್ತದೆ, ಅದನ್ನು ಸ್ಕ್ಯಾನರ್‌ನಿಂದ ಹಾಕಬೇಕು. ಇಷ್ಟಾದರೂ ಹೋಗದಿದ್ದರೆ ಕನ್ವರ್ಟರ್ ಬೋಲ್ಟಿನ ಉದ್ದ ಕೇಳಿ. ಉದ್ದ ಜಾಸ್ತಿ ಇರುವ ಬೋಲ್ಟು ಕನ್ವರ್ಟರಿನ ಮುಂಭಾಗವನ್ನು ಒಳಕ್ಕೆ ಉಬ್ಬಿಸುತ್ತದೆ. ಲಾಕ್‌ಅಪ್ ಕ್ಲಚ್ ಹಿಡಿಯುವುದು ಒಳಗಿನ ಅದೇ ಮೈಯನ್ನು. ಹಾಗಾಗಿದ್ದರೆ ಕನ್ವರ್ಟರನ್ನೇ ಬದಲಿಸಬೇಕು.

ನಿಂತಲ್ಲೇ, ಆರ್‌ಪಿಎಂ ಏರಿದಂತೆ ನಡುಕವೂ ಏರುತ್ತದೆ

ಕಷ್ಟದ್ದು ಇದೇ. ಮೌಂಟಿಂಗು, ಸೈಲೆನ್ಸರು ಸರಿ ಇವೆ ಅಂತ ಖಚಿತವಾದ ಮೇಲೆ ಮಾತ್ರ ಇಲ್ಲಿಗೆ ಬನ್ನಿ.

ಕೆಳಗಿನ ಮುಚ್ಚಳ ತೆಗೆದು, ಬ್ಯಾಟರಿ ತಂತಿ ಬಿಡಿಸಿ, ಎಂಜಿನ್ನನ್ನು ಕ್ರ್ಯಾಂಕ್ ಬೋಲ್ಟಿನಿಂದ ಕೈಯಲ್ಲೇ ತಿರುಗಿಸುತ್ತಾ ಫ್ಲೆಕ್ಸ್‌ಪ್ಲೇಟ್ (ಎಂಜಿನ್ನಿಗೂ ಕನ್ವರ್ಟರಿಗೂ ನಡುವಿನ ತೆಳು ಉಕ್ಕಿನ ತಟ್ಟೆ) ನೋಡಿ. ಕನ್ವರ್ಟರ್ ಬೋಲ್ಟು ಎಲ್ಲವೂ ಇವೆಯಾ, ಎಲ್ಲವೂ ಒಂದೇ ಥರದವಾ? ಒಂದು ಬೋಲ್ಟು ಬಿಟ್ಟುಹೋಗಿರುವುದು, ಒಂದು ಬೇರೆ ತೂಕದ್ದಾಗಿರುವುದು ಅಪರೂಪವಲ್ಲ. ಫ್ಲೆಕ್ಸ್‌ಪ್ಲೇಟ್ ನಡುವಿನ ಬೋಲ್ಟುಗಳ ಸುತ್ತ ಕೂದಲೆಳೆಯಂಥ ಬಿರುಕು ಇದೆಯಾ? ಬಿರುಕಿದ್ದರೆ ಐಡ್ಲಿಂಗ್‌ನಲ್ಲಿ ಕಟಕಟ ಸದ್ದು ಬರುತ್ತದೆ. ಅದನ್ನು ಕೇಳಿ ಎಂಜಿನ್ ಬೇರಿಂಗೇ ಹೋಯಿತು ಅಂತ ಹೆದರಿ ಎಂಜಿನ್ ಬಿಚ್ಚಿದವರಿದ್ದಾರೆ.

ಆಮೇಲೆ ಬ್ಯಾಲೆನ್ಸ್. ಕೆಲವು ಎಂಜಿನ್‌ಗಳಲ್ಲಿ ಬ್ಯಾಲೆನ್ಸಿನ ಒಂದು ಪಾಲು ಫ್ಲೆಕ್ಸ್‌ಪ್ಲೇಟಿನ ಮೇಲೇ ತೂಕವಾಗಿ ಇರುತ್ತದೆ. ಫೋರ್ಡ್ 302 ಎಂಜಿನ್ ಇದಕ್ಕೆ ಒಳ್ಳೆಯ ಉದಾಹರಣೆ. ಹಳೆಯವು 28 ಔನ್ಸ್-ಇಂಚು (ಬ್ಯಾಲೆನ್ಸ್ ತೂಕದ ಅಳತೆ), 1980ರ ದಶಕದ ಶುರುವಿನಿಂದ ಬಂದವು 50 ಔನ್ಸ್-ಇಂಚು. ಎರಡರ ಪ್ಲೇಟೂ ಬೋಲ್ಟಿಗೆ ಸರಿಯಾಗಿ ಕೂರುತ್ತದೆ, ಆದರೆ ಅದಲುಬದಲಾದರೆ ಎಂಜಿನ್ ಕೈಹಾಕಲಾಗದಷ್ಟು ನಡುಗುತ್ತದೆ. ಷೆವ್ರೊಲೆ ಸ್ಮಾಲ್ ಬ್ಲಾಕ್‌ನಲ್ಲೂ 1986ರಿಂದ ಹಿಂದಿನ ಸೀಲ್ ಒಂದೇ ತುಂಡಾದ ಮೇಲೆ ತೂಕವಿರುವ ಪ್ಲೇಟ್ ಬಂತು. ಹಾಗಾಗಿ ಗೇರ್‌ಬಾಕ್ಸಿನ ಜೊತೆ ಇನ್ನೊಂದು ಎಂಜಿನ್ನಿನ ಪ್ಲೇಟೂ ಬಂದಿದ್ದರೆ ಎಂಜಿನ್ ನಂಬರ್ ಹಿಡಿದು ಸರಿಯಾದದ್ದೇನಾ ಅಂತ ತಾಳೆ ನೋಡಿ.

ಪ್ಲೇಟ್ ಸರಿ ಇದ್ದರೆ ಕನ್ವರ್ಟರನ್ನು ಪ್ಲೇಟಿನಿಂದ ಬಿಡಿಸಿ, ತಿರುಗಿಸಿ, ಬೇರೆ ಬೋಲ್ಟು ಜಾಗಕ್ಕೆ ಕೂರಿಸಿ ನೋಡಬಹುದು. ಮೂರು ಬೋಲ್ಟಿದ್ದರೆ 120 ಡಿಗ್ರಿ, ನಾಲ್ಕಿದ್ದರೆ 90. ಒಂದೇ ರೀತಿಯಲ್ಲಿ ಕೂರುವ ಕನ್ವರ್ಟರೂ ಇವೆ, ಅವನ್ನು ಒತ್ತಾಯ ಮಾಡಬೇಡಿ. ಪ್ರತಿ ಸಲ ಸ್ವಲ್ಪ ಓಡಿಸಿ, ಯಾವ ಜಾಗದಲ್ಲಿ ಕಡಿಮೆಯೋ ಅಲ್ಲೇ ಬಿಗಿ ಮಾಡಿ. ಗ್ಯಾರೇಜಿನವರು ಇನ್ನೊಂದು ಪರೀಕ್ಷೆ ಮಾಡುತ್ತಾರೆ. ಕನ್ವರ್ಟರನ್ನು ಪೂರ್ತಿ ಬಿಡಿಸಿ ಹಿಂದಕ್ಕೆ ತಳ್ಳಿ, ಮುಂದೆ ಬರದಂತೆ ಹಿಡಿಸಿ, ಎಂಜಿನ್ನನ್ನು ಕೆಲವು ಸೆಕೆಂಡು ಚಾಲೂ ಮಾಡುತ್ತಾರೆ. ನಡುಕ ಹಾಗೇ ಇದ್ದರೆ ಪ್ಲೇಟ್ ಅಥವಾ ಎಂಜಿನ್, ಹೋದರೆ ಕನ್ವರ್ಟರ್. ಇದನ್ನು ಅನುಭವ ಇರುವವರೇ ಮಾಡಲಿ.

ಇಷ್ಟಾದರೂ ನಡುಕ ಉಳಿದರೆ ಈಗ ಗೇರ್‌ಬಾಕ್ಸ್ ಇಳಿಸುವುದಕ್ಕೆ ಕಾರಣ ಸಿಕ್ಕಿದೆ. ಇಳಿಸಿದಾಗ ಎರಡು ಡೋವೆಲ್ ಪಿನ್‌ಗಳು (ಗೇರ್‌ಬಾಕ್ಸನ್ನು ಸರಿಯಾದ ಜಾಗದಲ್ಲಿ ಹಿಡಿಯುವ ಪಿನ್‌ಗಳು) ಎಂಜಿನ್ ಬ್ಲಾಕಿನಲ್ಲಿವೆಯಾ ಅಂತ ಮೊದಲು ನೋಡಿ. ಪಿನ್ ಇಲ್ಲದೆ ಬೋಲ್ಟಿನ ಮೇಲಷ್ಟೇ ನಿಂತರೆ ಗೇರ್‌ಬಾಕ್ಸ್ ಕೂದಲೆಳೆಯಷ್ಟು ಪಕ್ಕಕ್ಕೆ ಸರಿಯುತ್ತದೆ. ಅಷ್ಟು ಸಾಕು ಮುಂದಿನ ಸೀಲೂ ಬುಷ್ಷೂ ಹಾಳಾಗಲು. ಎಂಜಿನ್ ಮತ್ತು ಬೆಲ್ ಹೌಸಿಂಗ್ (ಎಂಜಿನ್ನಿಗೆ ಸೇರುವ ಗೇರ್‌ಬಾಕ್ಸಿನ ಮುಂಭಾಗ) ನಡುವೆ ವೈರೋ ತಗಡೋ ಸಿಕ್ಕಿಹಾಕಿಕೊಂಡ ಗುರುತಿದೆಯಾ? ಕಾರು ಮೊದಲು ಮ್ಯಾನುಯಲ್ ಆಗಿದ್ದರೆ ಕ್ರ್ಯಾಂಕಿನ ತುದಿಯಲ್ಲಿ ಹಳೆಯ ಪೈಲಟ್ ಬುಷ್ (ಮ್ಯಾನುಯಲ್ ಗೇರ್‌ಬಾಕ್ಸಿನ ಶಾಫ್ಟ್ ತುದಿ ಕೂರುವ ಬಳೆ) ಉಳಿದಿರಬಹುದು. ಅದಿದ್ದರೆ ಕನ್ವರ್ಟರಿನ ಮೂತಿ ಒಳಗೆ ಕೂರುವುದೇ ಇಲ್ಲ. ಡಯಲ್ ಗೇಜ್ ಇಟ್ಟು ಫ್ಲೆಕ್ಸ್‌ಪ್ಲೇಟ್ ಸೊಟ್ಟ ಇದೆಯಾ ಅಳೆಯಿಸಿ, ಮಿತಿ ಎಷ್ಟು ಅಂತ ಆ ಎಂಜಿನ್ನಿನ ಕೈಪಿಡಿ ಹೇಳುತ್ತದೆ.

ಮರಳಿ ಕೂರಿಸುವಾಗ ಕನ್ವರ್ಟರನ್ನು ತಿರುಗಿಸುತ್ತಾ ಒಳಕ್ಕೆ ತಳ್ಳಿ. ಪಂಪಿನ ತನಕ ಒಂದೊಂದೇ ಮೆಟ್ಟಿಲು ಇಳಿದಂತೆ ಟಕ್ ಟಕ್ ಅಂತ ಕೂರಬೇಕು. ಬೆಲ್ ಹೌಸಿಂಗ್ ಎಂಜಿನ್ನಿಗೆ ಕೈಬಲದಲ್ಲೇ ಪೂರ್ತಿ ಸೇರಬೇಕು. ಬೋಲ್ಟಿನಿಂದ ಎಳೆದು ಸೇರಿಸಿದರೆ ಪಂಪ್ ಒಡೆಯುತ್ತದೆ. ಸೇರಿದ ಮೇಲೆ ಕನ್ವರ್ಟರ್ ಸುಲಭವಾಗಿ ತಿರುಗಬೇಕು. ಅದಕ್ಕೂ ಪ್ಲೇಟಿಗೂ ನಡುವೆ ಸ್ವಲ್ಪ ಸಂದು ಉಳಿಯಬೇಕು, ಬಹಳ ಗೇರ್‌ಬಾಕ್ಸುಗಳಲ್ಲಿ 3ರಿಂದ 5 ಮಿ.ಮೀ. ಸಂದೇ ಇಲ್ಲದಿದ್ದರೆ ಬೋಲ್ಟು ಹಾಕದೆ ಅಲ್ಲಿಗೇ ನಿಲ್ಲಿಸಿ, ಗೇರ್‌ಬಾಕ್ಸನ್ನು ಹಿಂದಕ್ಕೆ ಸರಿಸಿ ಕನ್ವರ್ಟರನ್ನು ಮತ್ತೆ ಕೂರಿಸಿ.